ಮಹಡಿಯ ಮೇಲೆ ಜಾಗ ಇತ್ತು

ವರ್ಲೀನ್ ಗ್ಯಾಡಿಸಳ ದನಿಯಲ್ಲಿ ಪ್ರೀತಿ ಉಕ್ಕಿ ಹರಿಯುತ್ತದೆ ಎಂದು ರೇಡಿಯೊದವರು ಹೇಳುತ್ತಿದ್ದ ಕಾಲವೊಂದಿತ್ತು. ಪ್ರೀತಿಯಂತೆ! ಅವಳ ಪಕ್ಕದಲ್ಲಿ ಆರ್ಗನ್ ನುಡಿಸುತ್ತ ಅರ್ಧ ಆಯುಸ್ಸು ಕಳೆದವನು ನಾನು, ಲೊಂಜೊ ಮೇಬ್ರಿ. ಆ ದನಿಯಲ್ಲಿ ಇದ್ದದ್ದು ಸಿಟ್ಟು. ಅದು ಯಾರು ಹಚ್ಚಿದ ಬೆಂಕಿ ಎಂಬುದು ನಮ್ಮ ಟ್ಯಾಲ್ಬರ್ಟ್ ಫೆರಿಯ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಹಾಗೆ ಮುಖ ಮಾಡುವವರು ಈಚೆಗೆ ಹೆಚ್ಚಾಗಿದ್ದಾರೆ. ಅದಕ್ಕೇ ಇದನ್ನು ಹೇಳಬೇಕಾಗಿದೆ.

ಅಲಬಾಮದ ಈ ಊರಿನಲ್ಲಿ ಹೊಳೆಯ ಈಚೆ ನಾವು ಕರಿಯರು, ಆಚೆ ಬಿಳಿಯರು. ಈಚೆ ಹತ್ತಿಬೀಜದ ಎಣ್ಣೆ ಮಿಲ್ಲು ಮತ್ತು ಮೌಂಟ್ ಪಿಸ್ಗಾ ಚರ್ಚು. ಆಚೆ ಕೋರ್ಟು, ಅಂಗಡಿ ಬೀದಿ, ಆಸ್ಪತ್ರೆ. ವರ್ಲೀನಳ ತಾಯಿ ಮಿಸ್ ಓಡೀ ದಿನಾ ಬೆಳಿಗ್ಗೆ ಸೇತುವೆ ದಾಟಿ, ಆ ಆಸ್ಪತ್ರೆಯ ಹಿಂಬದಿಯ ಲಾಂಡ್ರಿಯಲ್ಲಿ ರೋಗಿಗಳ ಹಾಸುಹೊದಿಕೆ ಒಗೆದು ಇಸ್ತ್ರಿ ಮಾಡಿ, ಕತ್ತಲಾಗುವ ಹೊತ್ತಿಗೆ ಮನೆಗೆ ಬರುತ್ತಿದ್ದರು. ಗಂಡ ಎಂದೋ ಬಿಟ್ಟುಹೋಗಿದ್ದ. ದೊಡ್ಡವಳು ವರ್ಲೀನ್, ಆಮೇಲೆ ತಮ್ಮ ಎಜೆಲ್, ಕೊನೆಗೆ ಇಬ್ಬರು ಚಿಕ್ಕ ಹೆಣ್ಣುಮಕ್ಕಳು. ಸೋಡಾ, ಬ್ಲೀಚು ತಿಂದು ಮಿಸ್ ಓಡೀಯವರ ಅಂಗೈ ಸುಲಿದ ಗೆಣಸಿನ ಹಾಗೆ ಆಗಿತ್ತು. ಆ ಕೈಯಲ್ಲೇ ಭಾನುವಾರ ಚಪ್ಪಾಳೆ ತಟ್ಟುತ್ತಿದ್ದರು.

ಚರ್ಚಿನ ಹಾಡುಗಾರರ ಸಾಲಿನಲ್ಲಿ ವರ್ಲೀನ್ ನಿಂತರೆ ಎದುರಿನ ಬೆಂಚಿಗೆ ಅಪಾಯ. ಹಾಡು ಏರಿದಂತೆಲ್ಲ ಮುಷ್ಟಿ ಬಿಗಿದು ಬೆಂಚಿನ ಬೆನ್ನಿಗೆ ಗುದ್ದುತ್ತಿದ್ದಳು. ನಮ್ಮ ಪಾದ್ರಿ ರೆವರೆಂಡ್ ಕ್ರಚ್‌ಫೀಲ್ಡ್ ಒಮ್ಮೆ ಎಲ್ಲರೆದುರು ನಗುತ್ತ ಹೇಳಿದರು: "ದೇವ್ರಿಗೆ ಕಿವಿ ಚೆನ್ನಾಗೇ ಇದೆ ಕಣಮ್ಮ, ಬೆಂಚು ಮುರೀಬೇಡ."

"ಕಿವಿ ಚೆನ್ನಾಗಿದ್ರೆ ಇಷ್ಟೊತ್ತಿಗೆ ಏನಾದ್ರೂ ಅನ್ಬೇಕಿತ್ತಲ್ವಾ, ರೆವರೆಂಡ್?"

ಆಗ ಅವಳಿಗೆ ಹದಿನೈದು. ಹೆಂಗಸರೆಲ್ಲ ಬೀಸಣಿಗೆಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮಿಸ್ ಓಡೀ ಮಾತ್ರ ಮನೆಗೆ ಕರೆದುಕೊಂಡು ಹೋಗಿ ಎರಡು ಬಿಟ್ಟರು.

ಎಜೆಲ್ ಎಣ್ಣೆ ಮಿಲ್ಲಿಗೆ ಸೇರಿದಾಗ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ನಾನೂ ಅಲ್ಲೇ ಲಾರಿ ಓಡಿಸುತ್ತಿದ್ದೆ. ಐವತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ವರ್ಲೀನ್ ತಮ್ಮನಿಗೆ ಕಾರ್ನ್‌ಬ್ರೆಡ್ಡು, ಬೇಯಿಸಿದ ಸೊಪ್ಪು ಕಟ್ಟಿಕೊಂಡು ಗೇಟಿಗೆ ಬಂದಿದ್ದಳು. ಆಗಲೇ ಒಳಗೆ ಹಬೆಯ ಕೊಳವೆ ಸಿಡಿಯಿತು. ಅದು ಸೋರುತ್ತಿದೆ ಎಂದು ವಾರದಿಂದ ಹೇಳುತ್ತಿದ್ದೆವು. ಕೇಳುವವರು ಯಾರು? ಎಜೆಲ್‌ನನ್ನು ಹೊರಗೆ ತಂದಾಗ ಅವನ ಅಂಗಿ ಯಾವುದು, ಚರ್ಮ ಯಾವುದು ಎಂದು ತಿಳಿಯುತ್ತಿರಲಿಲ್ಲ. ಲಾರಿಯ ಹಿಂದೆ ಹತ್ತಿಬೀಜದ ಮೂಟೆಗಳ ಮೇಲೆ ಮಲಗಿಸಿದೆವು. ವರ್ಲೀನ್ ಹತ್ತಿ ಕುಳಿತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನಾನು ಹಾರ್ನಿನ ಮೇಲಿಂದ ಕೈ ತೆಗೆಯದೆ ಸೇತುವೆ ದಾಟಿಸಿದೆ.

ಆಸ್ಪತ್ರೆಯ ಪಕ್ಕದ ಬಾಗಿಲು ನಮ್ಮದು. ನೆಲಮಾಳಿಗೆಯಲ್ಲಿ, ಬಾಯ್ಲರಿನ ಪಕ್ಕ, ಕರಿಯರಿಗೆಂದು ನಾಲ್ಕು ಹಾಸಿಗೆ. ನರ್ಸು ಬಾಗಿಲಲ್ಲೇ ತಡೆದಳು.

"ನಿಮ್ಮ ವಾರ್ಡ್ ತುಂಬಿದೆ."

"ಮೇಲೆ?" ವರ್ಲೀನ್ ಲಾರಿಯಿಂದಲೇ ಕೂಗಿದಳು.

"ಮೇಲೆ ಅಂದ್ರೆ?"

"ಮಹಡಿ ಮೇಲೆ. ಕಿಟಕೀಲಿ ಕಾಣ್ತಾ ಇದ್ಯಲ್ಲ. ಬಿಳೀ ಹೊದಿಕೆ ಹಾಸಿಟ್ಟಿದ್ದಾರೆ, ಒಬ್ರೂ ಮಲಗಿಲ್ಲ. ನಮ್ಮಮ್ಮ ಒಗ್ದಿರೋ ಹೊದಿಕೆ ಅದು!"

"ಅದು ನಿಮಗಲ್ಲ," ಎಂದಳು ನರ್ಸು. ಹೊರಗೆ ಬಂದ ಡಾಕ್ಟರು ಮೆಟ್ಟಿಲಿನಿಂದ ಕೆಳಗಿಳಿಯಲಿಲ್ಲ. ಅಲ್ಲಿಂದಲೇ ಕತ್ತು ಚಾಚಿ ನೋಡಿದ. "ಪಕ್ಕದ ಜಿಲ್ಲೇಲಿ ನಿಮ್ಮೋರ ಆಸ್ಪತ್ರೆ ಇದೆಯಲ್ಲ, ಅಲ್ಲಿಗೆ ಹೊಡಿ," ಎಂದು ನನಗೆ ಹೇಳಿ ಒಳಗೆ ಹೋದ. ಊಟದ ಹೊತ್ತಾಗಿತ್ತು.

ಪಕ್ಕದ ಜಿಲ್ಲೆ ಮುಟ್ಟಲಿಲ್ಲ. ಹತ್ತಿ ಹೊಲಗಳ ನಡುವೆ ಎಲ್ಲೋ ಒಂದು ಕಡೆ ವರ್ಲೀನ್ ಹಿಂದಿನಿಂದ ಗಾಜು ಬಡಿದಳು. "ನಿಲ್ಸು ಲೊಂಜೊ. ಇನ್ನು ಅರ್ಜೆಂಟಿಲ್ಲ." ದನಿಯಲ್ಲಿ ಅಳು ಇರಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಇದೆಲ್ಲ ಆಗುತ್ತಿದ್ದಾಗ ಮಿಸ್ ಓಡೀ ಅದೇ ಕಟ್ಟಡದ ಹಿಂದೆ, ಒಂದು ಗೋಡೆಯಾಚೆ, ಇಸ್ತ್ರಿ ತಿಕ್ಕುತ್ತಿದ್ದರು. ನಿಮ್ಮ ಮಗ ಬಾಗಿಲಲ್ಲಿ ಸಾಯುತ್ತಿದ್ದಾನೆ ಎಂದು ಅವರಿಗೆ ಒಬ್ಬರೂ ಹೇಳಲಿಲ್ಲ. ಸಂಜೆ ಮನೆಗೆ ಬಂದು ಜಗಲಿಯ ಮೇಲೆ ಜನ ತುಂಬಿರುವುದನ್ನು ನೋಡಿದಾಗಲೇ ತಿಳಿದದ್ದು.

ಚರ್ಚಿನಲ್ಲಿ ಎಜೆಲ್‌ನ ಶವಪೆಟ್ಟಿಗೆ ಮುಚ್ಚಿಯೇ ಇಟ್ಟಿದ್ದರು. ರೆವರೆಂಡ್ ಕ್ರಚ್‌ಫೀಲ್ಡ್ ತುಂಬ ಇಂಪಾಗಿ ಮಾತಾಡಿದರು. ದೇವರಿಗೆ ತನ್ನ ತೋಟಕ್ಕೊಂದು ಹೂ ಬೇಕಾಗಿತ್ತು, ಕಿತ್ತುಕೊಂಡ ಎಂದರು. ಎಣ್ಣೆ ಮಿಲ್ಲಿನ ಯಜಮಾನ ಹೂವಿನ ಚಕ್ರ ಕಳಿಸಿದ್ದಾನೆ, ಅವನಿಗೆ ನಾವು ಕೃತಜ್ಞರು ಎಂದರು. ಆ ಯಜಮಾನ ಆಸ್ಪತ್ರೆಯ ಆಡಳಿತ ಮಂಡಳಿಯಲ್ಲೂ ಇದ್ದ. ನಮ್ಮ ಚರ್ಚಿಗೆ ಹೊಸ ಮಾಡು ಹಾಕಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದವನೂ ಅವನೇ. "ಈಗ ಸಿಸ್ಟರ್ ವರ್ಲೀನ್ ನಮಗೆಲ್ಲ ಸಮಾಧಾನ ಆಗೋ ಹಾಗೆ ಒಂದು ಹಾಡ್ತಾಳೆ," ಎಂದು ಕುಳಿತರು.

ಅವಳು ಎದ್ದು ಪೆಟ್ಟಿಗೆಯ ಪಕ್ಕ ನಿಂತಳು. ಚರ್ಚಿನ ಆರ್ಗನ್ ಮುಂದೆ ಕುಳಿತಿದ್ದ ನಾನು ಯಾವ ಹಾಡು ಎಂದು ಕಣ್ಣಲ್ಲೇ ಕೇಳಿದೆ. ಯಾವುದೂ ಬೇಡ ಎಂದು ತಲೆಯಾಡಿಸಿದಳು.

"ದೇವ್ರು ಕರೀಲಿಲ್ಲ," ಎಂದಳು. "ಯಾರೂ ಹೂ ಕೀಳ್ಲಿಲ್ಲ. ಡಾಕ್ಟರು ಬಾಗಿಲಲ್ಲಿ ನಿಂತ್ಕೊಂಡು ವಾಪಸ್ ಕಳಿಸ್ದ. ಮಹಡಿ ಮೇಲೆ ಜಾಗ ಇತ್ತು."

ಅಷ್ಟನ್ನೇ ಇನ್ನೊಮ್ಮೆ ಹೇಳಿದಳು. ಮೂರನೆಯ ಸಲ ಹೇಳುವಾಗ ಅದಕ್ಕೆ ರಾಗ ಹತ್ತಿತ್ತು. ಹಳೆಯ ಚರ್ಚಿನ ರಾಗ, ನಮ್ಮ ಅಜ್ಜಿಯಂದಿರು ಹತ್ತಿ ಬಿಡಿಸುವಾಗ ಗುನುಗುತ್ತಿದ್ದ ತರಹದ್ದು. ಮಹಡಿ ಮೇಲೆ ಜಾಗ ಇತ್ತು, ಮಹಡಿ ಮೇಲೆ ಜಾಗ ಇತ್ತು. ಹಿಂದಿನ ಸಾಲಿನಿಂದ ಯಾರೋ ದನಿಗೂಡಿಸಿದರು. ರೆವರೆಂಡ್ ನನ್ನತ್ತ ಬಗ್ಗಿ, "ನುಡ್ಸೋ, ಜೋರಾಗಿ ನುಡ್ಸು, ಅವಳ ಮಾತು ಕೇಳಿಸಬಾರದು," ಎಂದರು. ನಾನು ನುಡಿಸಿದೆ. ಆದರೆ ಅವಳ ಶ್ರುತಿಗೇ ನುಡಿಸಿದೆ, ಅವಳ ಹೆಜ್ಜೆಗೇ ತಾಳ ಹಾಕಿದೆ. ಆ ದಿನದಿಂದ ಅವಳ ಜೊತೆ ನನ್ನದೂ ಚರ್ಚಿನ ಕೆಲಸ ಹೋಯಿತು. ಮಾಡು ಮಾತ್ರ ಬಂತು, ಹೊಳೆಯುವ ತಗಡಿನದು.

ಮುಂದಿನ ಸೋಮವಾರ ಬೆಳಿಗ್ಗೆ ಮಿಸ್ ಓಡೀ ಟೊಪ್ಪಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟರು. ವರ್ಲೀನ್ ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲಿಗೇ ಹೋಗ್ತೀಯಾ ಅಮ್ಮಾ? ಅದೇ ಹೊದಿಕೆ ಒಗೀತೀಯಾ?"

"ನಿನ್ನ ತಂಗೀರು ಏನ್ ತಿಂತಾರೆ, ನಿನ್ನ ಸಿಟ್ನಾ? ಸರಿ ಆಚೆ."

ವರ್ಲೀನ್ ಸರಿದಳು. ತಾಯಿ ಸೇತುವೆಯತ್ತ ನಡೆದುಹೋಗುವುದನ್ನು ನೋಡುತ್ತ ನಿಂತಳು. ಆ ವಾರವೇ ಊರು ಬಿಟ್ಟಳು. ಕೆಲವು ತಿಂಗಳ ಮೇಲೆ ನಾನೂ ಹಿಂದೆ ಹೋದೆ.

ಮೆಂಫಿಸ್‌ನಲ್ಲಿ ಹಗಲು ಹೊತ್ತು ಹೋಟೆಲ್ ಕೋಣೆ ಗುಡಿಸಿ, ಸಂಜೆ ಮೀನು ಕರಿಯುವ ವಾಸನೆ ತುಂಬಿದ ಸಣ್ಣ ಸಣ್ಣ ಕುಡುಕರ ಅಡ್ಡೆಗಳಲ್ಲಿ ಹಾಡಿದಳು. ಚರ್ಚಿನಲ್ಲಿ ಕಲಿತದ್ದೇ ಎಲ್ಲ: ಅದೇ ಏರು, ಅದೇ ಕೂಗು, ಅದೇ ಪ್ರಶ್ನೆ ಉತ್ತರ. ಪ್ರಭುವೇ ಎನ್ನುವ ಕಡೆ ಗೆಳೆಯಾ ಎಂದರೆ ಅದಕ್ಕೆ ಸೋಲ್ ಸಂಗೀತ ಎಂದು ಹೆಸರು. ಊರಿನಲ್ಲಿ ರೆವರೆಂಡರು ಅದನ್ನು ಸೈತಾನನ ಹಾಡು ಎಂದರಂತೆ. "ಸೈತಾನ ನನ್ನ ತಮ್ಮನ್ನ ಬಾಗ್ಲಿಂದ ಓಡಿಸ್ಲಿಲ್ವಲ್ಲ," ಎಂದಳು ವರ್ಲೀನ್.

ಸಿಡ್ ಹ್ಯಾರಲ್ಸನ್ ಎಂಬ ಬಿಳಿಯನೊಬ್ಬ ರೆಕಾರ್ಡು ಮಾಡುತ್ತಿದ್ದ. ಕೆಟ್ಟವನೇನಲ್ಲ, ನಮ್ಮ ಜೊತೆ ಒಂದೇ ಮೇಜಿನಲ್ಲಿ ತಿನ್ನುತ್ತಿದ್ದ. ಅವಳು ಎಜೆಲ್‌ನ ಹಾಡನ್ನು ಅವನೆದುರು ಹಾಡಿದಳು. ಅಷ್ಟರಲ್ಲಿ ಅದು ಪೂರ್ತಿ ಹಾಡಾಗಿತ್ತು:

ಮಹಡಿ ಮೇಲೆ ಜಾಗ ಇದೆ,
ದೀಪ ಹಚ್ಚಿಟ್ಟಿದೆ,
ಬಿಳೀ ಹೊದಿಕೆ ಹಾಸಿಟ್ಟಿದೆ,
ನನ್ನ ಯಾಕೆ ಬಾಗಿಲಲ್ಲಿ ನಿಲ್ಲಿಸ್ತೀಯಾ?

ಕೊನೆಯ ಚರಣದಲ್ಲಿ ಲಾರಿ, ಡಾಕ್ಟರು, ತಮ್ಮನ ಹೆಸರು ಎಲ್ಲ ಬರುತ್ತಿತ್ತು. ಹ್ಯಾರಲ್ಸನ್ ಕುರ್ಚಿಯಿಂದ ಎದ್ದುಬಿಟ್ಟ.

"ಬೆಂಕಿ ಹಾಡು! ಆದ್ರೆ ಆ ಕೊನೇದು ತೆಗಿ. ಅದಿಲ್ದೇ ಇದ್ರೆ ಎಂಥಾ ಪ್ರೇಮಗೀತೆ ಗೊತ್ತಾ? ಹೆಣ್ಣು ಗಂಡನ್ನ ಮಹಡಿಗೆ ಕರೀತಾಳೆ! ದೇಶಾನೇ ಕುಣಿಯುತ್ತೆ."

ಅವಳು ಗಿಟಾರು ಎತ್ತಿ ಅವನ ತಲೆಗೆ ಹಾಕುತ್ತಾಳೆ ಎಂದುಕೊಂಡೆ. ಅವಳು ಮಾತ್ರ, "ಆಯ್ತು, ತೆಗೀತೀನಿ," ಎಂದಳು. ಹೊರಗೆ ಬಂದ ಮೇಲೆ ನಾನು ಜಗಳಕ್ಕೆ ನಿಂತೆ.

"ಎಜೆಲ್‌ನ ಮಾರ್ಕೊಂಡ್ಯಾ?"

"ಬಾಯ್ಮುಚ್ಚು. ಮೊದ್ಲು ಅವರ ಬಾಯಿಗೆ ಬರ್ಲಿ ಕಣೋ ಹಾಡು. ಆಮೇಲೆ ಗಂಟಲಿಗೆ ಸಿಗಿಸ್ತೀನಿ."

ಹಾಡು ಬಾಯಿಗೆ ಬಂತು. ಅರವತ್ತಮೂರರಲ್ಲಿ ಎಲ್ಲಿ ಹೋದರೂ ಅದೇ. ಪೆಟ್ರೋಲ್ ಬಂಕಿನಲ್ಲಿ, ಕಾಲೇಜು ಹುಡುಗರ ಕಾರಿನಲ್ಲಿ, ಬಿಳಿಯರ ಮದುವೆಯಲ್ಲಿ. ನಮ್ಮನ್ನು ಒಳಗೆ ಕೂರಿಸದ ಹೋಟೆಲುಗಳಲ್ಲಿ, ಕಾಸು ಹಾಕಿದರೆ ರೆಕಾರ್ಡು ಹಾಡಿಸುವ ಜೂಕ್‌ಬಾಕ್ಸಿನಲ್ಲಿ, ವರ್ಲೀನ್ ಹಾಡುತ್ತಿದ್ದಳು. ನಾವು ಹಿಂದಿನ ಕಿಟಕಿಯಲ್ಲಿ ಕೈ ಚಾಚಿ ಸ್ಯಾಂಡ್‌ವಿಚ್ ತೆಗೆದುಕೊಂಡು, ಕಾರಿನಲ್ಲಿ ಕುಳಿತು ತಿನ್ನುತ್ತ ಅದನ್ನು ಕೇಳುತ್ತಿದ್ದೆವು. ಅವಳು ಹಾಡುವಾಗ ಗಂಡಸರು ಶಿಳ್ಳೆ ಹೊಡೆದು, "ಮಹಡಿ ಎಲ್ಲಿದೆ ಹೇಳೇ!" ಎಂದು ಕೂಗುತ್ತಿದ್ದರು. ಪ್ರತಿ ಸಲವೂ ಅವಳ ದವಡೆ ಬಿಗಿಯುವುದು ನನಗೆ ಕಾಣುತ್ತಿತ್ತು.

ಅರವತ್ತಾರರ ವಸಂತದಲ್ಲಿ ಟ್ಯಾಲ್ಬರ್ಟ್ ಫೆರಿಯಿಂದಲೇ ಕರೆ ಬಂತು. ಊರಿನ ಮಗಳು, ಊರಿನ ಹೆಮ್ಮೆ ಎಂದೆಲ್ಲ ಬಿಳಿಯರ ಪತ್ರಿಕೆಯಲ್ಲಿ ಬರೆದಿದ್ದರು. ಕರಿಯರನ್ನು ಬಿಳಿಯರನ್ನು ಬೇರೆ ಬೇರೆ ಕೂರಿಸಬಾರದು ಎಂದು ಕಾನೂನು ಬಂದು ಎರಡು ವರ್ಷವಾಗಿತ್ತು. ನಮ್ಮ ಊರಿನ ಸಭಾಭವನಕ್ಕೆ ಆ ಸುದ್ದಿ ತಲುಪಿರಲಿಲ್ಲ. ಕೆಳಗೆ ಬಿಳಿಯರು, ಹೊರಗಿನ ಮೆಟ್ಟಿಲು ಹತ್ತಿ ಮೇಲಿನ ಬಾಲ್ಕನಿಗೆ ನಮ್ಮವರು. ಮಿಸ್ ಓಡೀ ನೀಲಿ ಟೊಪ್ಪಿಗೆ ಹಾಕಿಕೊಂಡು ಬಾಲ್ಕನಿಯ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಅವರ ಪಕ್ಕ ಲಾಂಡ್ರಿಯ ಗೆಳತಿ ಪರ್ಲೀ ಟಬ್ಸ್. ಕೆಳಗೆ ಮುಂದಿನ ಸಾಲಿನಲ್ಲಿ ಎಣ್ಣೆ ಮಿಲ್ಲಿನ ಯಜಮಾನನ ಮಕ್ಕಳು, ಸೊಸೆಯಂದಿರು.

ಆ ಹಾಡು ಶುರುವಾಗುತ್ತಲೇ ಕೆಳಗಿನವರೆಲ್ಲ ಎದ್ದು ಕುಣಿದರು. ಎರಡು ಚರಣ ಮುಗಿಸಿ ವರ್ಲೀನ್ ಕೈ ಎತ್ತಿದಳು. ನಾನು ನಿಲ್ಲಿಸಿದೆ. ಡ್ರಮ್ಮು ನಿಂತಿತು.

"ಕುಣೀತಾ ಇರೋರು ಒಂದ್ನಿಮಿಷ ನಿಂತ್ಕೊಳ್ಳಿ," ಎಂದಳು. "ಇದು ಯಾರ ಹಾಡು ಅಂತ ನಿಮಗೆ ಯಾರೂ ಹೇಳಿಲ್ಲ. ನನ್ನ ತಮ್ಮನ ಹೆಸರು ಎಜೆಲ್ ಗ್ಯಾಡಿಸ್. ನಿಮ್ಮ ಮಿಲ್ಲಲ್ಲಿ ಬೆಂದ. ನಿಮ್ಮ ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ವಿ. ಮಹಡಿ ಮೇಲೆ ಹಾಸಿಗೆ ಖಾಲಿ ಇತ್ತು. ನಾನು ಹಾಡ್ತಿರೋದು ಆ ಹಾಸಿಗೆ ಬಗ್ಗೆ. ಇಷ್ಟು ವರ್ಷ ನೀವು ಕುಣಿದಿದ್ದು ಅವನ ಹೆಣದ ಮೇಲೆ."

ಆಮೇಲೆ ಆ ಕೊನೆಯ ಚರಣ ಹಾಡಿದಳು. "ಮೈಕ್ ಕಿತ್ತಾಕ್ರೋ!" ಎಂದು ಯಾರೋ ಅರಚಿದರು. ಮೈಕ್ ಸತ್ತಿತು. ನನ್ನ ಆರ್ಗನ್ನೂ ಸತ್ತಿತು. ಮೌಂಟ್ ಪಿಸ್ಗಾದಲ್ಲಿ ಮೈಕೇ ಇಲ್ಲದೆ ಬೆಳೆದ ಗಂಟಲು ಅದು. ಅವಳು ಹಾಡುತ್ತಲೇ ಇದ್ದಳು. ಬಾಲ್ಕನಿಯಲ್ಲಿ ನಮ್ಮವರೆಲ್ಲ ಎದ್ದು ನಿಂತು ಹಲಗೆಯ ಮೇಲೆ ಕಾಲು ಕುಟ್ಟಿ ತಾಳ ಕೊಟ್ಟರು. ಕೆಳಗಿನವರ ತಲೆಯ ಮೇಲೆ ಧೂಳು ಉದುರಿತು. ಸೀಸೆಯೊಂದು ಹಾರಿ ಬಂದು ನನ್ನ ಹುಬ್ಬು ಸೀಳಿತು. ಆಮೇಲೆ ಶೆರಿಫನ ಪೊಲೀಸರು ಬಂದು ಅವಳನ್ನು ಎಳೆದುಕೊಂಡು ಹೋದರು.

ಮರುದಿನ ಬೆಳಿಗ್ಗೆ ಜೈಲಿನ ಕಾವಲುಗಾರ ಕಂಬಿಯ ಸಂದಿಯಿಂದ ಅದೇ ಹಾಡಿನ ರೆಕಾರ್ಡು ತೂರಿಸಿದನಂತೆ. "ನನ್ನ ಹೆಂಡ್ತಿಗೆ ಇದು ಅಂದ್ರೆ ಪ್ರಾಣ. ಒಂದು ಸಹಿ ಹಾಕ್ಕೊಡು ವರ್ಲೀನ್."

"ಯಾವ ಹೆಸರಲ್ಲಿ ಹಾಕ್ಲಿ? ರಾತ್ರಿ ನನ್ನ ಎಳ್ಕೊಂಡ್ಬಂದಾಗ ಒಂದು ಹೆಸರಲ್ಲಿ ಕರೆದ್ಯಲ್ಲ, ಅದನ್ನೇ ಹಾಕ್ಲಾ?"

ಅವನು ರೆಕಾರ್ಡು ವಾಪಸು ಎಳೆದುಕೊಂಡ.

ಅವಳು ಹೊರಗೆ ಬರುವಷ್ಟರಲ್ಲಿ ದಕ್ಷಿಣದ ರೇಡಿಯೊಗಳಿಂದ ಹಾಡು ಮಾಯವಾಗಿತ್ತು. ಹ್ಯಾರಲ್ಸನ್ ಫೋನಿನಲ್ಲಿ ಅಳುವುದೊಂದು ಬಾಕಿ. "ಅದು ಪ್ರೀತಿ ಹಾಡಾಗಿತ್ತು ವರ್ಲೀನ್! ನೀನು ಅದನ್ನ ಹೆಣ ಮಾಡ್ದೆ."

"ಮೊದ್ಲಿಂದ ಹೆಣಾನೇ ಅದು. ಲಿಪ್‌ಸ್ಟಿಕ್ ಹಚ್ಚಿದ್ದು ನೀನು," ಎಂದು ಫೋನು ಕುಕ್ಕಿದಳು.

ಅವಳನ್ನು ನಿಜವಾಗಿ ಕೆಡವಿದ್ದು ಅದಲ್ಲ. ಸೋಮವಾರ ಮಿಸ್ ಓಡೀ ಲಾಂಡ್ರಿಗೆ ಹೋದಾಗ ಮೇಲ್ವಿಚಾರಕ ಅವರ ಏಪ್ರನ್ ಕಿತ್ತುಕೊಂಡು ಗೇಟಿನಿಂದ ಹೊರಗೆ ಹಾಕಿದ. ಇಪ್ಪತ್ತು ವರ್ಷಕ್ಕೂ ಮೇಲೆ ಆ ಹಬೆಯಲ್ಲಿ ಬೆಂದ ಹೆಂಗಸು. ಮನೆಗೆ ಬಂದು ಅಡುಗೆಮನೆಯ ಮೇಜಿಗೆ ಕೈ ಊರಿ ನಿಂತರು. ನಾನು ಹುಬ್ಬಿಗೆ ಪಟ್ಟಿ ಕಟ್ಟಿಕೊಂಡು ಅಲ್ಲೇ ಇದ್ದೆ.

"ಆಯ್ತಾ ನಿನ್ನ ಹಾಡು?" ಎಂದರು ಮಗಳಿಗೆ. "ನಿನ್ನ ಸಿಟ್ಟು ನೀನು ಹೊರ್ತೀಯಾ ಅನ್ಕೊಂಡಿದ್ದೆ. ನನ್ನ ತಲೆ ಮೇಲೆ ಇಟ್ಯಲ್ಲ!"

"ಅವರಿಗೆ ಬೈ ಅಮ್ಮಾ! ನನ್ನ ಬೈತೀಯಲ್ಲ! ಅವನ್ನ ಹೂತ ಮಾರನೇ ವಾರಾನೇ ಹೋಗಿ ಒಗೆದ್ಯಲ್ಲ, ನಿನಗೆ ಸಿಟ್ಟೇ ಬರ್ಲಿಲ್ವಾ?"

ಮಿಸ್ ಓಡೀ ಮಗಳ ಕಪಾಳಕ್ಕೆ ಹೊಡೆದರು. ಆಮೇಲೆ ತಾವೇ ಕುರ್ಚಿಯ ಮೇಲೆ ಕುಸಿದರು.

"ಸಿಟ್ಟು ಬರ್ಲಿಲ್ವಾ ಅಂತಾಳೆ," ಎಂದರು ನನ್ನ ಕಡೆ ತಿರುಗಿ. "ದಿನಾ ಆ ಡಾಕ್ಟ್ರ ಕೋಟು ಇಸ್ತ್ರಿ ಮಾಡ್ತಿದ್ದೆ ಲೊಂಜೊ. ಕಾಲರ್ ಹತ್ರ ಬಂದಾಗೆಲ್ಲ ಇಸ್ತ್ರಿಪೆಟ್ಟಿಗೆ ಒತ್ತಿ ಹಿಡಿದು ಸುಟ್ಟುಬಿಡ್ಲಾ ಅನ್ಸೋದು. ಹಿಡೀತಿರ್ಲಿಲ್ಲ. ಎರಡು ಹೊಟ್ಟೆ ಇತ್ತಲ್ಲ ಮನೇಲಿ."

ವರ್ಲೀನ್ ನೆಲದ ಮೇಲೆ ಕುಳಿತು ತಾಯಿಯ ಮಡಿಲಲ್ಲಿ ತಲೆಯಿಟ್ಟಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ಹೊತ್ತಿಗೆ ಬಾಗಿಲಲ್ಲಿ ಪರ್ಲೀ ಟಬ್ಸ್ ಕಾಣಿಸಿಕೊಂಡಳು. ಹಿಂದೆ ಲಾಂಡ್ರಿಯ ಹೆಂಗಸರೆಲ್ಲ, ಏಪ್ರನ್ನಿನಲ್ಲೇ, ಮಧ್ಯಾಹ್ನದ ಹೊತ್ತಿನಲ್ಲಿ. ಕೆಲಸದ ಹೊತ್ತಿನಲ್ಲಿ.

"ಏನ್ರೇ ಇದು?" ಎಂದರು ಮಿಸ್ ಓಡೀ ಗಾಬರಿಯಾಗಿ.

"ಮಿಷಿನ್ ಆರಿಸಿ ಬಂದ್ವಿ," ಎಂದಳು ಪರ್ಲೀ. "ಒದ್ದೆ ಬಟ್ಟೆ ಅದರೊಳಗೇ ಇದೆ. ಮಿಸ್ ಓಡೀ ಇಲ್ದೇ ಇದ್ರೆ ನಾವೂ ಇಲ್ಲ ಅಂದ್ವಿ. ಅವ್ನು ನಕ್ಕ. ನಗ್ಲಿ ಬಿಡಿ, ಇನ್ನೆರಡು ದಿನ ಆ ಬಟ್ಟೆ ಹಾಗೇ ಇದ್ರೆ ನಗೋದಕ್ಕೆ ಮೂಗು ಬಿಡ್ಬೇಕಾಗುತ್ತೆ."

ಮುಷ್ಕರ ಹೂಡುವುದಾದರೆ ಸಭೆ ಸೇರಲು ಜಾಗ ಬೇಕು. ಭಾನುವಾರ ಪ್ರಾರ್ಥನೆಯ ನಡುವೆ ವರ್ಲೀನ್ ಮೌಂಟ್ ಪಿಸ್ಗಾದ ನಡುಹಾದಿಯಲ್ಲಿ ನಡೆದು ಹೋಗಿ ರೆವರೆಂಡರೆದುರು ನಿಂತು, ಚರ್ಚಿನ ಕೆಳಗಿನ ಹಾಲ್ ಕೊಡಿ ಎಂದು ಕೇಳಿದಳು.

"ಇದು ದೇವರ ಮನೆ, ಜಗಳದ ಮನೆ ಅಲ್ಲ ಮಗಳೇ."

"ದೇವರ ಮನೆ ಮಾಡು ಯಾರ್ದು ರೆವರೆಂಡ್? ಅದನ್ನ ಹೇಳಿ ಸಾಕು."

ಅವರು ಹಾಡಿನ ಪುಸ್ತಕ ತೆರೆದು ಮುಂದಿನ ಹಾಡು ಹೇಳಿದರು. ಬಹಳ ಜನ ತಲೆ ತಗ್ಗಿಸಿ ಕುಳಿತೇ ಇದ್ದರು. ಇಂದಿಗೂ ಕೆಲವರ ಮುಖ ನೋಡಿದರೆ ನನಗೆ ಆ ತಗ್ಗಿದ ತಲೆಯೇ ನೆನಪಾಗುತ್ತದೆ. ಅವಳ ಹಿಂದೆ ಎದ್ದು ಬಂದವರಲ್ಲಿ ಲೇಥನ್ ಬಾಯ್ಕಿನ್ ಒಬ್ಬರು. ನಮ್ಮ ಶವಸಂಸ್ಕಾರ ನಡೆಸಿಕೊಡುವವರು, ಹೆಣದ ಪೆಟ್ಟಿಗೆ ಮಾರುವವರು. "ನನ್ನ ಹತ್ರ ಬನ್ರಮ್ಮ," ಎಂದರು. "ನನ್ನ ಗಿರಾಕಿಗಳೆಲ್ಲ ನಮ್ಮೋರೇ, ಬಿಳೀ ಜನ ನನ್ನ ಏನ್ ಮಾಡ್ತಾರೆ? ಗಿರಾಕಿಗಳಂತೂ ಗಲಾಟೆ ಮಾಡೋರಲ್ಲ."

ಹಾಗೆ ಆ ಬೇಸಿಗೆಯೆಲ್ಲ ಪೆಟ್ಟಿಗೆಗಳ ನಡುವೆ ಸಭೆ. ಹೆಂಗಸರು ಪೆಟ್ಟಿಗೆಯ ಮುಚ್ಚಳದ ಮೇಲೆ ಹುರಿದ ಮೀನು, ಗೆಣಸಿನ ಕಡುಬು ಇಟ್ಟುಕೊಂಡು ತಿಂದು, ಹಾಡಿ, ಬೆಳಿಗ್ಗೆ ಸೇತುವೆ ದಾಟಿ ಆಸ್ಪತ್ರೆಯ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ವರ್ಲೀನ್ ಅವರೆದುರು ನಿಂತು ಹಾಡು ಎತ್ತುತ್ತಿದ್ದಳು. ರೆಕಾರ್ಡಿನ ಹಾಡಲ್ಲ. ಅಲ್ಲೇ ಕಟ್ಟಿದ್ದು, ಮೇಲ್ವಿಚಾರಕನ ಹೆಸರು ಹಿಡಿದು, ಅವನ ಬೋಳುತಲೆ ಹಿಡಿದು. ಹಾದು ಹೋಗುವ ಕಾರುಗಳಿಂದ ಉಗುಳು ಬೀಳುತ್ತಿತ್ತು. ಪರ್ಲೀಯ ಮನೆಯ ಕಿಟಕಿಗೆ ಗುಂಡು ಹೊಡೆದರು. ವರ್ಲೀನಳನ್ನು ಮತ್ತೆ ಮತ್ತೆ ಹಿಡಿದರು, ಬಿಟ್ಟರು. ಆಸ್ಪತ್ರೆಯವರು ಬಟ್ಟೆಯನ್ನು ಪಕ್ಕದ ಜಿಲ್ಲೆಗೆ ಲಾರಿಯಲ್ಲಿ ಕಳಿಸಿದರು. ಮಿಸ್ ಓಡೀ ಮತ್ತು ನಾನು ಹಿಂದೆಯೇ ಹೋಗಿ ಅಲ್ಲಿಯ ಲಾಂಡ್ರಿಯ ಹೆಂಗಸರ ಹತ್ತಿರ ಮಾತಾಡಿದೆವು. ಮಾತಾಡಿದ್ದು ನಾನಲ್ಲ. ಮಿಸ್ ಓಡೀ ತಮ್ಮ ಕೈ ತೋರಿಸಿದರು. ಅವರೂ ತಮ್ಮ ಕೈ ತೋರಿಸಿದರು. ಲಾರಿ ಒಗೆಯದ ಬಟ್ಟೆಯೊಂದಿಗೆ ವಾಪಸು ಬಂತು.

ಜುಲೈ ಬಿಸಿಲಿಗೆ ಆ ಆಸ್ಪತ್ರೆಯ ವಾಸನೆ ಸೇತುವೆಯ ತನಕ ಬರುತ್ತಿತ್ತು. ಆಗಲೇ ವಾಷಿಂಗ್ಟನ್ನಿನಿಂದ ವಯಸ್ಸಾದವರ ಚಿಕಿತ್ಸೆಗೆ ಸರ್ಕಾರದ ದುಡ್ಡು ಬರುವುದು ಶುರುವಾಯಿತು. ಕರಿಯರು ಬಿಳಿಯರು ಎಂದು ವಾರ್ಡು ಬೇರೆ ಮಾಡಿದ ಆಸ್ಪತ್ರೆಗೆ ಒಂದು ಕಾಸೂ ಇಲ್ಲ ಎಂದರು. ಆಡಳಿತ ಮಂಡಳಿಗೆ ಇದ್ದಕ್ಕಿದ್ದಂತೆ ಮನುಷ್ಯತ್ವ ನೆನಪಾಯಿತು. ನೆಲಮಾಳಿಗೆಯ ವಾರ್ಡು ಮುಚ್ಚಿದರು. ಲಾಂಡ್ರಿಯವರನ್ನು ಸಂಬಳ ಹೆಚ್ಚಿಸಿ ವಾಪಸು ಕರೆಯುತ್ತೇವೆ ಎಂದರು. ಓಡೀ ಗ್ಯಾಡಿಸ್ ಒಬ್ಬರನ್ನು ಬಿಟ್ಟು.

ಬಾಯ್ಕಿನ್ನರ ಅಂಗಡಿಯಲ್ಲಿ ವರ್ಲೀನ್ ಪೆಟ್ಟಿಗೆಯೊಂದಕ್ಕೆ ಗುದ್ದಿದಳು. "ಒಪ್ಕೋಬೇಡಿ! ಯಾರಿಗೋಸ್ಕರ ಶುರು ಮಾಡಿದ್ವೋ ಅವರನ್ನೇ ಹೊರಗಿಡ್ತಾರೆ. ಇನ್ನೊಂದು ತಿಂಗಳು ತಡೀರಿ, ಮಂಡಿಯೂರಿ ಬರ್ತಾರೆ."

ಹೆಂಗಸರು ಮಿಸ್ ಓಡೀಯವರ ಮುಖ ನೋಡಿದರು. ಅವರು ಟೊಪ್ಪಿಗೆ ಸರಿಮಾಡಿಕೊಂಡು ಎದ್ದರು.

"ಪರ್ಲೀ ಮನೆ ಕರೆಂಟು ಕಿತ್ತಿದ್ದಾರೆ. ನಿಮ್ಮಲ್ಲಿ ಯಾರ ಮನೇಲೂ ಹಿಟ್ಟಿಲ್ಲ, ನಂಗೊತ್ತಿಲ್ವಾ? ನಾಳೆ ಎಲ್ರೂ ಕೆಲಸಕ್ಕೆ ಹೋಗಿ. ಮುಂದಿನ ಬಾಗಿಲಿಂದ ಹೋಗಿ. ಅಷ್ಟೇ."

"ಅಮ್ಮಾ..."

"ಅಷ್ಟೇ ಅಂದ್ನಲ್ಲ ವರ್ಲೀನ್."

ಅವರು ಹೋದರು, ಮುಂದಿನ ಬಾಗಿಲಿಂದಲೇ. ಮಿಸ್ ಓಡೀ ಆಮೇಲೆ ಬೇರೆಯವರ ಮನೆಯಲ್ಲಿ ಅಡುಗೆ ಮಾಡಿಕೊಂಡು ಬದುಕಿದರು. ಮಗಳು ಆ ಒಪ್ಪಂದವನ್ನು ಎಂದೂ ಕ್ಷಮಿಸಲಿಲ್ಲ. ತಾಯಿಯನ್ನಲ್ಲ, ಒಪ್ಪಂದವನ್ನು. ಈಗ ಊರಿನ ಬಿಳಿಯರನ್ನು ಕೇಳಿದರೆ, ಆಸ್ಪತ್ರೆ ತಾನಾಗಿಯೇ ಬದಲಾಯಿತು, ಕಾಲ ಬದಲಾಯಿತು ಎನ್ನುತ್ತಾರೆ. ಕಾಲಕ್ಕೇನು ಕೈ ಇದೆಯೇ, ಮಿಷಿನ್ ಆರಿಸಿ ಹೊರಗೆ ಬರುವುದಕ್ಕೆ?

ವರ್ಲೀನ್ ಮತ್ತೆ ಮೆಂಫಿಸ್‌ಗೆ ಹೋಗಲಿಲ್ಲ. ಹ್ಯಾರಲ್ಸನ್ ಮೂರು ವರ್ಷದ ಮೇಲೆ, ಈಗ ಪ್ರತಿಭಟನೆಯ ಹಾಡಿಗೆ ಗಿರಾಕಿ ಇದೆ, ಆ ಕೊನೆಯ ಚರಣ ಸೇರಿಸಿ ಮತ್ತೆ ಹಾಡು ಎಂದು ಫೋನು ಮಾಡಿದ. ಅವಳು ಅವನಿಗೆ ಹೇಳಿದ್ದನ್ನು ನಾನಿಲ್ಲಿ ಬರೆಯುವಂತಿಲ್ಲ. ಆಸ್ಪತ್ರೆ, ಶಾಲೆ, ಕಾರ್ಖಾನೆ ಎಂದು ಅಲಬಾಮ ಸುತ್ತಿ ಕೆಲಸಗಾರರ ಸಂಘ ಕಟ್ಟಿದಳು. ಎಲ್ಲಿ ಹೋದರೂ ಮೊದಲು ಹಾಡು, ಆಮೇಲೆ ಮಾತು. ನಾನು ಹಳೆಯ ಆರ್ಗನ್ನನ್ನು ವ್ಯಾನಿನಲ್ಲಿ ಹೇರಿಕೊಂಡು ಜೊತೆಗೆ ಹೋಗುತ್ತಿದ್ದೆ. ಗಂಟಲಲ್ಲಿ ಗಂಟು ಬೆಳೆದಿದೆ, ಇನ್ನು ಹಾಡಿದರೆ ದನಿ ಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ, "ಸುಮ್ನಿದ್ರೆ ಉಳಿಯುತ್ತಾ? ಉಳಿಸ್ಕೊಂಡು ಏನ್ ಮಾಡ್ಲಿ, ಪೆಟ್ಟಿಗೇಲಿ ಇಟ್ಕೊಳ್ಲಾ?" ಎಂದು ಅವನ ಮೇಲೇ ಹರಿಹಾಯ್ದಳು.

ಎಪ್ಪತ್ತೆಂಟರ ಶರತ್ಕಾಲದಲ್ಲಿ ಉತ್ತರದ ಬೆಟ್ಟದ ಸೀಮೆಯ ಕೋಳಿ ಕಾರ್ಖಾನೆಯೊಂದಕ್ಕೆ ಹೋದೆವು. ಅಲ್ಲಿಯ ಹೆಂಗಸರು, ಕರಿಯರೂ ಬಿಳಿಯರೂ, ನಿಂತ ನೆಲದಲ್ಲಿ ಕೋಳಿ ಕತ್ತರಿಸಿ ಕತ್ತರಿಸಿ ಬೆರಳು ಮಡಚಲಾಗದೆ ಒದ್ದಾಡುತ್ತಿದ್ದರು. ಒಂದಕ್ಕೆ ಹೋಗಲೂ ಅಪ್ಪಣೆ ಕೇಳಬೇಕಿತ್ತು. ಸಂಘ ಬೇಕೇ ಬೇಡವೇ ಎಂದು ಮತ ಹಾಕುವ ದಿನ ಹತ್ತಿರವಾಗಿತ್ತು. ಪಾಳಿ ಬಿಡುವ ಹೊತ್ತಿಗೆ ಗೇಟಿನ ಹೊರಗೆ ವರ್ಲೀನ್ ಹಾಡು ಎತ್ತಿದಳು. ದನಿ ಒಡೆದ ಡಬ್ಬದಂತಿತ್ತು. ಒಳಗಿನಿಂದ ಮ್ಯಾನೇಜರು ಕೈ ಬೀಸಿದ. ನಿಂತಿದ್ದ ಲಾರಿಗಳೆಲ್ಲ ಒಟ್ಟಿಗೆ ಹಾರ್ನ್ ಒತ್ತಿದವು.

ಅವಳ ಬಾಯಿ ಆಡುವುದು ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಕುತ್ತಿಗೆಯ ನರ ಉಬ್ಬಿತ್ತು. ನಾನು, "ಸಾಕು ಕಣೇ, ನಡಿ," ಎಂದು ಕೈ ಹಿಡಿದೆ. ಕೊಡವಿಕೊಂಡಳು. ಬಾಯಿ ನೋಡಿಯೇ ಮಾತು ಗುರುತಿಸಿದ ಒಬ್ಬ ಹೆಂಗಸು, ರಕ್ತದ ಬೂಟು ಹಾಕಿದವಳು, ಎದುರಿಗೆ ಬಂದು ನಿಂತು ಹಾಡು ಹಿಡಿದಳು. ಆಮೇಲೆ ಇನ್ನೊಬ್ಬಳು. ಲಾರಿಯವರಿಗೆ ಒತ್ತಿ ಒತ್ತಿ ಬೇಸರ ಬಂದು ಹಾರ್ನುಗಳು ಒಂದೊಂದೇ ನಿಂತಾಗ, ಗೇಟಿನ ತುಂಬ ಹೆಂಗಸರ ದನಿ ಇತ್ತು. ವರ್ಲೀನಳದು ಅದರಲ್ಲಿ ಇರಲಿಲ್ಲ. ಅದು ಪೂರ್ತಿ ಹೋಗಿತ್ತು.

ಮತದಲ್ಲಿ ಸೋತೆವು. ಸ್ವಲ್ಪದರಲ್ಲಿ ಸೋತೆವು. ಇನ್ನು ಒಂದು ವರ್ಷ ಕಳೆಯದೆ ಅಲ್ಲಿ ಮತ್ತೆ ಮತ ನಡೆಸುವಂತಿರಲಿಲ್ಲ. ಮ್ಯಾನೇಜರು ಹಿಂದಿನ ದಿನವೇ, ಸಂಘ ಬಂದರೆ ಕಾರ್ಖಾನೆ ಮುಚ್ಚುತ್ತೇವೆ ಎಂದು ಹೆದರಿಸಿದ್ದ. ವಾಪಸು ಬರುವಾಗ ದಾರಿಯುದ್ದಕ್ಕೂ ವರ್ಲೀನ್ ಪಿಸುದನಿಯಲ್ಲಿ ಬೈಯುತ್ತಲೇ ಇದ್ದಳು. ಮ್ಯಾನೇಜರನ್ನು, ಲಾರಿಯವರನ್ನು, ಹೆದರಿದವರನ್ನು, ವ್ಯಾನು ನಿಧಾನ ಓಡಿಸುತ್ತಿದ್ದೇನೆಂದು ನನ್ನನ್ನು. ಬೈಗುಳಕ್ಕೆ ದನಿ ಸಾಲದೆ ಡ್ಯಾಶ್‌ಬೋರ್ಡಿಗೆ ಗುದ್ದಿದಳು.

"ಮುಂದಿನ ವರ್ಷ ಮತ ಯಾವಾಗ ಬರುತ್ತೆ, ಕೇಳಿದ್ಯಾ?" ಎಂದು ಪಿಸುಗುಟ್ಟಿದಳು.

ಕೇಳಿರಲಿಲ್ಲ ಎಂದೆ. ಅದಕ್ಕೂ ಬೈದಳು. ಮುಂದಿನ ಪೆಟ್ರೋಲ್ ಬಂಕಿನಲ್ಲಿ ವ್ಯಾನು ನಿಲ್ಲಿಸಿ, ಅವಳು ಪಕ್ಕದಲ್ಲಿ ನಿಂತು ನೋಡುತ್ತಿರುವಾಗ, ನಾನು ಸಂಘದ ಕಚೇರಿಗೆ ಫೋನು ಮಾಡಿ ವಿಚಾರಿಸಿದೆ.